ಮೈಯೊಳಗೆ ಕೂರಿಸುವ ಪುಟ್ಟ ಸಾಧನದಿಂದ ಔಷಧಿ ಕೊಡುವುದು ಯಾಕೆ? ಮಾತ್ರೆ ಸಾಲದೇ?

ಮಾತ್ರೆ ನುಂಗಿದರೆ ಔಷಧಿ ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುತ್ತದೆ. ನೋವು ಒಂದು ಕಡೆ, ಔಷಧಿ ಎಲ್ಲ ಕಡೆ! ಅಡ್ಡಪರಿಣಾಮ ಜಾಸ್ತಿಯಾಗಲು ಇದೂ ಒಂದು ಕಾರಣ. ಬೇಕಾದ ಜಾಗಕ್ಕೇ ಬಿಟ್ಟರೆ ತುಂಬ ಕಡಿಮೆ ಸಾಕು. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಮಾರ್ಫಿನ್ ಎಂಬ ಪ್ರಬಲ ನೋವುನಿವಾರಕ ಬಿಡುವ ಪಂಪ್ ಇದೆ. ಬಾಯಿಂದ ಕೊಡುವ ಪ್ರಮಾಣದ ಸುಮಾರು 300ರಲ್ಲಿ ಒಂದು ಪಾಲು ಅಲ್ಲಿಗೆ ಸಾಕು. ಪಂಪನ್ನು ಹೊಟ್ಟೆಯ ಚರ್ಮದಡಿ ಇಡುತ್ತಾರೆ, ಖಾಲಿಯಾದಾಗ ಸೂಜಿಯಿಂದ ತುಂಬಿಸುತ್ತಾರೆ. ಆದರೆ ಅದೇನು ಅಷ್ಟು ಪುಟ್ಟದಲ್ಲ ಬಿಡಿ.

ನನಗೆ ತುಂಬ ಹಿಡಿಸಿದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿಗಳಾದ ರಾಬರ್ಟ್ ಲ್ಯಾಂಗರ್, ಮೈಕೆಲ್ ಸೀಮಾ ಅವರ ಚಿಪ್. ಅದರಲ್ಲಿ ಸಣ್ಣ ಸಣ್ಣ ಗುಳಿಗಳಿವೆ. ಒಂದೊಂದರಲ್ಲೂ ಒಂದು ಡೋಸ್, ಮೇಲೆ ತೆಳು ಲೋಹದ ಮುಚ್ಚಳ. ಹೊರಗಿನಿಂದ ವೈರ್‌ಲೆಸ್ ಸೂಚನೆ ಬಂದಾಗ ವಿದ್ಯುತ್ ಹರಿದು ಮುಚ್ಚಳ ಕರಗುತ್ತದೆ, ಔಷಧಿ ಹೊರಬರುತ್ತದೆ. ಮೂಳೆ ಸವೆತವಿದ್ದ ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿದ ವರದಿ 2012ರಲ್ಲಿ ಬಂತು. ದಿನಾ ಚುಚ್ಚಿಕೊಳ್ಳಬೇಕಿದ್ದ ಇಂಜೆಕ್ಷನ್ನಿನ ಕೆಲಸವನ್ನು ಚಿಪ್ಪೇ ಮಾಡಿತ್ತು. (ಈ ಚಿಪ್ ಬಿಟ್ಟ ಔಷಧಿಯೂ ಕೊನೆಗೆ ಸೇರಿದ್ದು ರಕ್ತಕ್ಕೇ. ಇಲ್ಲಿ ನಿಖರವಾಗಿದ್ದದ್ದು ಜಾಗವಲ್ಲ, ಸಮಯ.)

ಎಲ್ಲದಕ್ಕೂ ವಿದ್ಯುತ್ ಬೇಕು ಅಂತೇನಿಲ್ಲ. ಮೆದುಳಿನ ಗಡ್ಡೆ ತೆಗೆದ ಜಾಗದಲ್ಲಿ ಕ್ಯಾನ್ಸರ್ ಔಷಧಿಯಿರುವ ಬಿಲ್ಲೆಗಳನ್ನು ಇಟ್ಟುಬಿಡುತ್ತಾರೆ. ಅವು ಸುಮ್ನೆ ನಿಧಾನವಾಗಿ ಕರಗುತ್ತವೆ. ಅಮೆರಿಕದಲ್ಲಿ ಇದಕ್ಕೆ 1996ರಲ್ಲೇ ಒಪ್ಪಿಗೆ ಸಿಕ್ಕಿದೆ.

ತೊಡಕು ಇಲ್ಲದಿಲ್ಲ. ಹೊರಗಿನ ವಸ್ತು ಕಂಡರೆ ದೇಹ ಸುತ್ತಲೂ ನಾರಿನ ಪೊರೆ ಕಟ್ಟುತ್ತದೆ, ಔಷಧಿ ಅದನ್ನು ದಾಟಿ ಹೋಗಬೇಕು. ಸೋಂಕಿನ ಭಯವೂ ಇದೆ, ಕೂರಿಸಲು ಶಸ್ತ್ರಚಿಕಿತ್ಸೆಯೂ ಬೇಕು. ಹಾಗಾಗಿ ಮಾತ್ರೆಯಲ್ಲೇ ವಾಸಿಯಾಗುವ ಕಾಯಿಲೆಗೆ ಇದನ್ನು ಯಾರೂ ಹೇಳುವುದಿಲ್ಲ.