ಇಂಗ್ಲಿಷಿನ ‘ಈಗ’ಗಳೆಲ್ಲ ಒಂದೇ ಅಲ್ಲ

‘ನೌ, ರೈಟ್ ನೌ, ಅಟ್ ದ ಮೊಮೆಂಟ್, ಪ್ರೆಸೆಂಟ್ಲಿ ಎಲ್ಲಕ್ಕೂ ಈಗ ಅಂತಲೇ ಅರ್ಥ ಅಲ್ಲವೇ, ಯಾವುದನ್ನಾದರೂ ಬಳಸಬಹುದೇ?’ ಎಂದು ಕೇಳಿದ್ದೀರಿ. ಬಳಸಬಾರದು. ಕನ್ನಡದಲ್ಲೂ ಈಗಲೇ, ಈಗತಾನೇ, ಸದ್ಯಕ್ಕೆ, ಈಗೀಗ ಒಂದೇ ಅಲ್ಲವಲ್ಲ? ಆ ವ್ಯತ್ಯಾಸ ನಿಮಗೆ ಆಗಲೇ ಗೊತ್ತು, ಅದನ್ನೇ ಹಿಡಿದು ಹೋಗೋಣ.

‘ರೈಟ್ ನೌ’ ಅಂದರೆ ಈಗಲೇ, ಈ ಗಳಿಗೆಯಲ್ಲೇ. ಅದರಲ್ಲಿ ಅವಸರವಿದೆ. ಮೇಲಿನವರಿಗೆ ಬರೆಯುವಾಗ ಜೋಪಾನ.

ನನ್ನನ್ನು ಹೆಚ್ಚು ಕಾಡಿದ್ದು ‘ಅಟ್ ದ ಮೊಮೆಂಟ್’. ನಾನು ಅನುವಾದದ ಕೆಲಸ ಮಾಡುತ್ತೇನೆ. ಒಮ್ಮೆ ಒಬ್ಬ ರೋಗಿಯ ಮನೆಯವರಿಗಾಗಿ ವೈದ್ಯರ ಟಿಪ್ಪಣಿ ಕನ್ನಡಕ್ಕೆ ತರಬೇಕಿತ್ತು. ಅದರಲ್ಲಿ ‘ಸ್ಟೇಬಲ್ ಅಟ್ ದ ಮೊಮೆಂಟ್’ ಎಂದಿತ್ತು. ನಾನು ‘ಈಗ ಸ್ಥಿರವಾಗಿದ್ದಾರೆ’ ಎಂದು ಬರೆದೆ. ತಿದ್ದುವವರು ‘ಈಗ’ ಹೊಡೆದುಹಾಕಿ ‘ಸದ್ಯಕ್ಕೆ’ ಮಾಡಿದರು. ನನ್ನ ವಾಕ್ಯ ಓದಿದವರಿಗೆ ಗಂಡಾಂತರ ಕಳೆಯಿತು ಅನ್ನಿಸುತ್ತಿತ್ತು. ವೈದ್ಯರು ಹೇಳಿದ್ದು ಅದಲ್ಲ, ಮುಂದೆ ಬದಲಾಗಬಹುದು ಅಂತ. ಅಂದಿನಿಂದ ಆ ಮೂರು ಪದಗಳನ್ನು ನಾನು ಹಗುರವಾಗಿ ದಾಟಿಲ್ಲ. ಇದೇ ಕಾರಣಕ್ಕೆ ಉದ್ಯೋಗದ ಅರ್ಜಿಯಲ್ಲಿ ‘ಕರೆಂಟ್ಲಿ’ ಚೆನ್ನ. ‘ಅಟ್ ದ ಮೊಮೆಂಟ್’ ಬರೆದರೆ ಆ ಕೆಲಸದಲ್ಲಿ ಹೆಚ್ಚು ದಿನ ಇರುವವರಲ್ಲ ಅನ್ನಿಸೀತು. ‘ಅಟ್ ಪ್ರೆಸೆಂಟ್’ ಕೊಂಚ ಗಂಭೀರ ಧಾಟಿಯದು, ಅಷ್ಟೇ. ‘ಫಾರ್ ನೌ’ ಅಂದರೆ ಸದ್ಯಕ್ಕೆ ಹೀಗಿರಲಿ, ಆಮೇಲೆ ನೋಡೋಣ.

‘ನೌಅಡೇಸ್’ ಹಿಂದಿನ ಕಾಲಕ್ಕೆ ಹೋಲಿಸುವ ಮಾತು, ನಮ್ಮ ‘ಈಗಿನ ಕಾಲದಲ್ಲಿ’ ಇದ್ದಂತೆ. ಈ ಗಳಿಗೆಯಲ್ಲಿ ಊಟ ಮಾಡುತ್ತಿರುವವರು ಅದನ್ನು ಬಳಸುವಂತಿಲ್ಲ.

‘ಜಸ್ಟ್ ನೌ’ ಕ್ರಿಯಾಪದ ನೋಡಿ ಬಣ್ಣ ಬದಲಿಸುತ್ತದೆ. ‘ಹೀ ಲೆಫ್ಟ್ ಜಸ್ಟ್ ನೌ’ ಅಂದರೆ ಈಗತಾನೇ ಹೋದ. ‘ಹೀ ಈಸ್ ಬಿಝಿ ಜಸ್ಟ್ ನೌ’ ಅಂದರೆ ಈಗ ಬಿಡುವಿಲ್ಲ. ದಕ್ಷಿಣ ಆಫ್ರಿಕಾದವರು ‘ಐ ವಿಲ್ ಡೂ ಇಟ್ ಜಸ್ಟ್ ನೌ’ ಅಂದರೆ ‘ಸ್ವಲ್ಪ ಹೊತ್ತು ಬಿಟ್ಟು’ ಎಂದರ್ಥ. ಅಲ್ಲಿ ಅದಕ್ಕಿಂತ ಬೇಗ ಆಗಬೇಕಿದ್ದರೆ ‘ನೌ ನೌ’ ಅನ್ನುತ್ತಾರೆ.

ಕೊನೆಯದಾಗಿ ‘ಪ್ರೆಸೆಂಟ್ಲಿ’. ಅಮೆರಿಕದಲ್ಲಿ ಇದಕ್ಕೆ ಸಾಮಾನ್ಯವಾಗಿ ‘ಈಗ’ ಎಂದರ್ಥ, ಸ್ಕಾಟ್ಲೆಂಡಿನಲ್ಲೂ ಹಾಗೆಯೇ. ಇಂಗ್ಲೆಂಡಿನ ಹಳೆಯ ರೂಢಿಯಲ್ಲಿ ಮಾತ್ರ ‘ಇನ್ನು ಸ್ವಲ್ಪ ಹೊತ್ತಿನಲ್ಲಿ’. ಎರಡರಲ್ಲಿ ‘ಈಗ’ ಎಂಬುದೇ ಇನ್ನೂ ಹಳೆಯ ಅರ್ಥ. ‘ಸೂನ್’ ಕೂಡ ಹಳೆಯ ಇಂಗ್ಲಿಷಿನಲ್ಲಿ ‘ತಕ್ಷಣ’ ಎಂದೇ ಇತ್ತು, ಆಮೇಲೆ ‘ಬೇಗ’ ಆಯಿತು. ನಾವು ಇನ್ನೂ ಹೊರಡದೆಯೇ ‘ಇದೋ ಬಂದೆ’ ಅನ್ನುವುದಿಲ್ಲವೇ? ಕೂಡಲೇ ಅಂದದ್ದು ತುಸು ತಡವಾಗುತ್ತಾ ಪದದ ಅರ್ಥವೂ ಮುಂದಕ್ಕೆ ಸರಿಯಿತು. ಓದುವವರು ಯಾವ ದೇಶದವರು ಎಂದು ಗೊತ್ತಿಲ್ಲದಿದ್ದರೆ ‘ಪ್ರೆಸೆಂಟ್ಲಿ’ಯನ್ನು ಬಿಟ್ಟುಬಿಡಿ. ಈಗ ಅನ್ನಬೇಕಾದರೆ ‘ನೌ’, ಇನ್ನೇನು ಅನ್ನಬೇಕಾದರೆ ‘ಸೂನ್’ ಬರೆಯಿರಿ.