ಅರಸರ ಕುದುರೆಲಾಯ: ಅಶ್ವಾಧ್ಯಕ್ಷನ ಹೊಣೆ

ಪ್ರಶ್ನೆ: ರಾಜರ ಕುದುರೆಲಾಯಕ್ಕೆ ಪ್ರತ್ಯೇಕ ಅಧಿಕಾರಿ ಇರುತ್ತಿದ್ದನಂತೆ. ಮೇವು ಹಾಕಿಸಲು ಅಷ್ಟು ದೊಡ್ಡ ಹುದ್ದೆ ಏಕೆ?

ಉತ್ತರ: ಮೇವು ಅವನ ಕೆಲಸದ ಒಂದು ಪಾಲಷ್ಟೇ. ಕೌಟಿಲ್ಯನ ಅರ್ಥಶಾಸ್ತ್ರ (ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಗ್ರಂಥ) ಅಶ್ವಾಧ್ಯಕ್ಷನಿಗೆ ಮೊದಲು ವಹಿಸುವುದೇ ಲೆಕ್ಕ ಬರೆಯುವುದನ್ನು. ಪ್ರತಿ ಕುದುರೆಯ ತಳಿ, ವಯಸ್ಸು, ಬಣ್ಣ, ಗುರುತು ದಾಖಲಾಗಬೇಕು. ಕೊಂಡದ್ದೋ, ಯುದ್ಧದಲ್ಲಿ ಹಿಡಿದದ್ದೋ, ಲಾಯದಲ್ಲೇ ಹುಟ್ಟಿದ್ದೋ ಎಂಬುದೂ ಸೇರಬೇಕು. ಊನವಾದದ್ದು, ಕಾಯಿಲೆ ಬಿದ್ದದ್ದು ಕಂಡರೆ ಕೂಡಲೇ ತಿಳಿಸಬೇಕು. ವೇತನ 4000 ಪಣ (ಅಂದಿನ ಬೆಳ್ಳಿ ನಾಣ್ಯ).

ಪ್ರಶ್ನೆ: ಲಾಯ ಹೇಗಿರುತ್ತಿತ್ತು? ಏನು ತಿನ್ನಿಸುತ್ತಿದ್ದರು?

ಉತ್ತರ: ಒಂದೊಂದು ಕುದುರೆಗೂ ಅದರ ಮೈಯುದ್ದದಷ್ಟು ಚೌಕದ ಜಾಗ. ನೆಲಕ್ಕೆ ನುಣುಪು ಹಲಗೆ, ಮುಂದೆ ಗೋದಲಿ, ಗಂಜಳ-ಲದ್ದಿ ಹೊರಹೋಗಲು ದಾರಿ. ಈ ದಾರಿ ಕಟ್ಟಿಕೊಂಡರೆ ಕೆಟ್ಟಿತೆಂದೇ ಲೆಕ್ಕ: ಒದ್ದೆಯಲ್ಲೇ ನಿಂತ ಕುದುರೆಯ ಗೊರಸಿನ ಅಡಿ ಮೆತ್ತಗಾಗಿ ಕೊಳೆಯುತ್ತದೆ, ನಾತ ಹೊಡೆಯುತ್ತದೆ, ಕುದುರೆ ಕುಂಟುತ್ತದೆ.

ಉತ್ತಮ ಕುದುರೆಗೆ 2 ದ್ರೋಣ (32 ಪ್ರಸ್ಥ; ಎರಡೂ ಅಂದಿನ ಅಳತೆಗಳು) ಭತ್ತ, ಜವೆ ಅಥವಾ ನವಣೆ, ಅರೆ ಒಣಗಿಸಿದ್ದು ಇಲ್ಲವೇ ಅರೆ ಬೇಯಿಸಿದ್ದು. ಬದಲಿಗೆ ಹೆಸರು, ಉದ್ದೂ ಆಗಬಹುದು. ಕುದುರೆ ಎಂದರೆ ಹುರುಳಿ ಎನ್ನುವ ನಮಗೆ ಇದು ಹೊಸದು! ಜೊತೆಗೆ 1 ಪ್ರಸ್ಥ ಜಿಡ್ಡು, 5 ಪಲ (ಅಂದಿನ ತೂಕದ ಅಳತೆ) ಉಪ್ಪು, 50 ಪಲ ಮಾಂಸ. ಮೇವಿನ ಉಂಡೆ ನೆನೆಸಲು 1 ಆಢಕ (4 ಪ್ರಸ್ಥ) ಮಾಂಸರಸ ಅಥವಾ 2 ಆಢಕ ಮೊಸರು. ನೆನೆಸುವುದು ಬಹಳ ಮುಖ್ಯ. ಒಣ ಮೇವನ್ನು ಆತುರದಲ್ಲಿ ನುಂಗಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಮ್ಮೆಲೇ ಕಾಳು ಹೆಚ್ಚಾದರೆ ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಬಾರದು, ಹಾಗಾಗಿ ಪ್ರಾಣಕ್ಕೇ ಬರಬಹುದು. ಮರಿ ಹಾಕಿದ ಕುದುರೆಗೆ ಮೊದಲ 3 ರಾತ್ರಿ 1 ಪ್ರಸ್ಥ ತುಪ್ಪ.

ಪ್ರಶ್ನೆ: ಕುದುರೆ ಸತ್ತರೆ ಯಾರ ತಲೆಗೆ?

ಉತ್ತರ: ಔಷಧೋಪಚಾರದ ತಪ್ಪಿನಿಂದ ರೋಗ ಉಲ್ಬಣಿಸಿದರೆ ಚಿಕಿತ್ಸೆ ಮಾಡಿದವನಿಗೆ ಅದರ ವೆಚ್ಚದ ಎರಡರಷ್ಟು ದಂಡ, ಸತ್ತರೆ ಕುದುರೆಯ ಬೆಲೆಯನ್ನೇ ತುಂಬಿಕೊಡಬೇಕು. ವೈದ್ಯ ನಿಲ್ಲಿಸಿದ ಕುದುರೆಯ ಮೇಲೆ ಸವಾರಿ ಮಾಡಿದವನಿಗೆ 12 ಪಣ. ಯುದ್ಧದಿಂದಲೋ ಮುಪ್ಪಿನಿಂದಲೋ ಸೋತ ಕುದುರೆಗಳನ್ನು ಮಾತ್ರ ಕೈಬಿಡುವಂತಿಲ್ಲ, ಅವುಗಳ ಮೇವು ನಡೆಯುತ್ತಲೇ ಇರಬೇಕು. ಆಶ್ವಯುಜದ ನವಮಿಯಂದು ಕುದುರೆಗಳಿಗೆ ಆರತಿ ಎತ್ತಿಸುವುದೂ ಅಧ್ಯಕ್ಷನದೇ ಹೊಣೆ. ಮೈಸೂರು ಅರಮನೆಯಲ್ಲಿ ಆಯುಧಪೂಜೆಯ ದಿನ ಪಟ್ಟದ ಕುದುರೆಗೆ ಪೂಜೆ ಸಲ್ಲುವುದೂ ಅದೇ ನವಮಿಯಂದು.