ರೀಡೈರೆಕ್ಟ್ ಇದ್ದರೂ ಆಡಿಟ್‌ನಲ್ಲಿ ತಕರಾರು ಯಾಕೆ?

ಪ್ರಶ್ನೆ: ಜಯನಗರದ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿಯಲ್ಲಿ ಬ್ಯಾಕೆಂಡ್ ಕೆಲಸ ನನ್ನದು. ಡಯಾಗ್ನಾಸ್ಟಿಕ್ ಲ್ಯಾಬ್‌ಗಳ ರೋಗಿಗಳು ಓಟಿಪಿ ಹಾಕಿ ರಿಪೋರ್ಟ್ ಡೌನ್‌ಲೋಡ್ ಮಾಡಿಕೊಳ್ಳುವ ಪೋರ್ಟಲ್ ಮಾಡಿದ್ದೇವೆ. ಜ್ಯಾಂಗೋ ಎಂಬ ವೆಬ್ ಫ್ರೇಮ್‌ವರ್ಕ್‌ನಲ್ಲಿ ಬರೆದದ್ದು, ಅದರ ಮುಂದೆ ರಿಕ್ವೆಸ್ಟ್‌ಗಳನ್ನು ಮೊದಲು ತೆಗೆದುಕೊಳ್ಳುವ ಸರ್ವರ್ ಆಗಿ ಎಂಜಿನ್‌ಎಕ್ಸ್ ಇದೆ. ಈಚೆಗೆ ಸೆಕ್ಯುರಿಟಿ ಆಡಿಟ್ ಆಯಿತು. 'ಎಚ್‌ಎಸ್‌ಟಿಎಸ್ ಹೆಡರ್ ಇಲ್ಲ, ತೀವ್ರತೆ ಮೀಡಿಯಂ' ಎಂದು ಬರೆದಿದ್ದಾರೆ. 'ಈ ಸೈಟ್‌ಗೆ ಎಚ್‌ಟಿಟಿಪಿಎಸ್‌ನಲ್ಲೇ ಬಾ' ಎಂದು ಸರ್ವರ್ ಬ್ರೌಸರ್‌ಗೆ ಹೇಳುವ ಸಾಲು ಅದು. ಎನ್‌ಕ್ರಿಪ್ಟ್ ಆಗದ ಎಚ್‌ಟಿಟಿಪಿಗೆ ಬಂದವರನ್ನೆಲ್ಲ ನಾವು ಎನ್‌ಕ್ರಿಪ್ಟ್ ಆದ ಎಚ್‌ಟಿಟಿಪಿಎಸ್‌ಗೆ ರೀಡೈರೆಕ್ಟ್ ಮಾಡಿ ಕಳಿಸುತ್ತೇವೆ. ಹಾಗಿದ್ದ ಮೇಲೆ ಇದು ಸುಮ್ನೆ ರಿಪೋರ್ಟ್ ಉದ್ದ ಮಾಡೋಕೆ ಬರೆದದ್ದು ಅಲ್ವಾ? ಇನ್ನೊಂದು, ಸೆಟ್ಟಿಂಗ್ಸ್‌ನಲ್ಲಿ ಎಚ್‌ಎಸ್‌ಟಿಎಸ್ ಆನ್ ಮಾಡಿದರೂ ಹೆಡರ್ ಬರುತ್ತಿಲ್ಲ. ಜ್ಯಾಂಗೋದಲ್ಲೇ ಬಗ್ ಇದೆಯಾ?

ಉತ್ತರ: ರಿಪೋರ್ಟ್ ಉದ್ದ ಮಾಡುವ ಆಡಿಟರ್‌ಗಳು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಈ ಸಾಲಿನಲ್ಲಿ ಹುರುಳಿದೆ. ಬರೀ ರೀಡೈರೆಕ್ಟ್‌ನಿಂದ ಈ ತೂತು ಮುಚ್ಚುವುದಿಲ್ಲ.

ನಿಮ್ಮ ಪೋರ್ಟಲ್ ಬಳಸುವವರೊಬ್ಬರು ಮೆಜೆಸ್ಟಿಕ್‌ನಲ್ಲಿ ರೈಲಿಗೆ ಕಾಯುತ್ತಾ ಫ್ರೀ ವೈಫೈ ಹಿಡಿದಿದ್ದಾರೆ ಅಂದುಕೊಳ್ಳಿ. ಅಲ್ಲೇ ಬೆಂಚಿನ ಮೇಲೆ ಒಬ್ಬ ಲ್ಯಾಪ್‌ಟಾಪ್ ಇಟ್ಟುಕೊಂಡು ಅದೇ ಹೆಸರಿನ ಹಾಟ್‌ಸ್ಪಾಟ್ ತೆರೆದಿದ್ದಾನೆ, ಇವರ ಫೋನ್ ಅದಕ್ಕೇ ಸೇರಿಕೊಂಡಿದೆ. ಲ್ಯಾಬ್‌ನಿಂದ ಬಂದ ಹಳೆ ಎಸ್‌ಎಂಎಸ್‌ನಲ್ಲಿ ಎಚ್‌ಟಿಟಿಪಿ ಲಿಂಕ್ ಇದೆ. ಅದನ್ನು ಒತ್ತುತ್ತಾರೆ. ಮೊದಲ ರಿಕ್ವೆಸ್ಟ್ ಬಯಲಲ್ಲೇ ಹೋಗುತ್ತದೆ. 'ಎಚ್‌ಟಿಟಿಪಿಎಸ್‌ಗೆ ಬನ್ನಿ' ಎಂಬ ನಿಮ್ಮ ಉತ್ತರವೂ ಬಯಲಲ್ಲೇ ಬರುತ್ತದೆ. ನಡುವೆ ಕೂತವನು ಆ ಉತ್ತರವನ್ನು ಮುಂದೆ ಬಿಡುವುದೇ ಇಲ್ಲ. ನಿಮ್ಮ ಸರ್ವರ್ ಜೊತೆ ತಾನೇ ಎಚ್‌ಟಿಟಿಪಿಎಸ್‌ನಲ್ಲಿ ಮಾತಾಡಿ, ಪುಟ ತರಿಸಿಕೊಂಡು, ಅದರಲ್ಲಿರುವ ಲಿಂಕ್‌ಗಳನ್ನೆಲ್ಲ ಎಚ್‌ಟಿಟಿಪಿ ಮಾಡಿ ಇವರಿಗೆ ಕೊಡುತ್ತಾನೆ. ಸರ್ಟಿಫಿಕೇಟ್ ಎಚ್ಚರಿಕೆ ಬರುವುದಿಲ್ಲ, ಯಾಕೆಂದರೆ ಇವರ ಕಡೆ ಸರ್ಟಿಫಿಕೇಟ್ ಪ್ರಶ್ನೆಯೇ ಏಳಲಿಲ್ಲ. ಪುಟ ಚೆನ್ನಾಗಿಯೇ ತೆರೆಯುತ್ತದೆ. ಇವರು ಹಾಕಿದ ಫೋನ್ ನಂಬರ್, ಓಟಿಪಿ, ಕೊನೆಗೆ ರಿಪೋರ್ಟ್ ಕೂಡ ಅವನ ಕೈ ದಾಟಿಯೇ ಹೋಗುತ್ತದೆ. ನಿಮ್ಮ ಲಾಗ್ ತೆಗೆದು ನೋಡಿದರೆ ಎಲ್ಲವೂ ಸರಿಯಾದ ಎಚ್‌ಟಿಟಿಪಿಎಸ್ ರಿಕ್ವೆಸ್ಟ್‌ಗಳೇ ಕಾಣುತ್ತವೆ.

ಇದು ಕಟ್ಟುಕತೆ ಅಲ್ಲ. 2009ರಲ್ಲೇ ಭದ್ರತಾ ಸಂಶೋಧಕ ಮಾಕ್ಸಿ ಮಾರ್ಲಿನ್‌ಸ್ಪೈಕ್ ಇದನ್ನು ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಎಸ್‌ಎಸ್‌ಎಲ್‌ಸ್ಟ್ರಿಪ್ ಎಂಬ ಟೂಲ್ ಮೂಲಕ ಮಾಡಿ ತೋರಿಸಿದ್ದರು. ಇಂಥ ದಾಳಿ ತಡೆಯುವ ನಿಯಮ ಆರ್‌ಎಫ್‌ಸಿ 6797 ಎಂಬ ಇಂಟರ್ನೆಟ್ ಮಾನದಂಡವಾಗಿ 2012ರ ನವೆಂಬರ್‌ನಲ್ಲಿ ಬಂತು. ಅದೇ ಎಚ್‌ಎಸ್‌ಟಿಎಸ್. ಒಮ್ಮೆ ಎಚ್‌ಟಿಟಿಪಿಎಸ್ ಮೇಲೆ ಈ ಹೆಡರ್ ನೋಡಿದ ಬ್ರೌಸರ್, ಮ್ಯಾಕ್ಸ್-ಏಜ್‌ನಲ್ಲಿ ಹೇಳಿದಷ್ಟು ಸೆಕೆಂಡ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಎಚ್‌ಟಿಟಿಪಿ ಲಿಂಕ್ ಒತ್ತಿದರೂ ಫೋನಿನೊಳಗೇ ಅದನ್ನು ಎಚ್‌ಟಿಟಿಪಿಎಸ್ ಮಾಡಿಯೇ ಹೊರಗೆ ಬಿಡುತ್ತದೆ. ಬಯಲಲ್ಲಿ ಹೋಗುವ ರಿಕ್ವೆಸ್ಟ್ ಇಲ್ಲದ ಮೇಲೆ ನಡುವೆ ಕೂತವನಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

2021ರ ಏಪ್ರಿಲ್‌ನಲ್ಲಿ ಬಂದ ಕ್ರೋಮ್ 90ರಿಂದ, ವಿಳಾಸ ಟೈಪ್ ಮಾಡಿದರೆ ಬ್ರೌಸರ್ ಮೊದಲು ಎಚ್‌ಟಿಟಿಪಿಎಸ್ ಅನ್ನೇ ಪ್ರಯತ್ನಿಸುತ್ತದೆ, ನಿಜ. ಆದರೆ ಅದು ಸಿಗದಿದ್ದರೆ ಎಚ್‌ಟಿಟಿಪಿಗೆ ಇಳಿಯುತ್ತದೆ. ಸಿಗದ ಹಾಗೆ ಮಾಡುವುದು ದಾಳಿಕೋರನಿಗೆ ಕಷ್ಟವೇನಲ್ಲ. ಹಾಗಾಗಿ ರೋಗಿಗಳ ರಿಪೋರ್ಟ್ ಇರುವ ಪೋರ್ಟಲ್‌ಗೆ 'ಮೀಡಿಯಂ' ನ್ಯಾಯವೇ. ಲಾಗಿನ್ ಇಲ್ಲದ ಬರೀ ಮಾಹಿತಿ ಪುಟಕ್ಕೆ ಹಾಗೆ ಬರೆದಿದ್ದರೆ ನಾನೂ ವಾದ ಮಾಡುತ್ತಿದ್ದೆ.

ಇನ್ನು ಹೆಡರ್ ಬಾರದ ವಿಷಯ. ಇದು ಬಗ್ ಅಲ್ಲ. ಎಚ್‌ಟಿಟಿಪಿ ಮೇಲೆ ಈ ಹೆಡರ್ ಕಳಿಸಬಾರದು ಎಂದು ನಿಯಮವೇ ಇದೆ. ಅದಕ್ಕೆ ಜ್ಯಾಂಗೋದ ಸೆಕ್ಯುರಿಟಿ ಮಿಡಲ್‌ವೇರ್, ಬಂದ ರಿಕ್ವೆಸ್ಟ್ ಎಚ್‌ಟಿಟಿಪಿಎಸ್ ಆಗಿದ್ದರೆ ಮಾತ್ರ ಹೆಡರ್ ಸೇರಿಸುತ್ತದೆ. ನಿಮ್ಮಲ್ಲಿ ಎಚ್‌ಟಿಟಿಪಿಎಸ್ ಎಂಜಿನ್‌ಎಕ್ಸ್‌ನಲ್ಲೇ ಮುಗಿದುಹೋಗುತ್ತದೆ. ಅಲ್ಲಿಂದ ಒಳಗೆ, ಜ್ಯಾಂಗೋ ಓಡಿಸುವ ಗುನಿಕಾರ್ನ್ ಸರ್ವರ್‌ಗೆ ಹೋಗುವುದು ಬರೀ ಎಚ್‌ಟಿಟಿಪಿ. ಜ್ಯಾಂಗೋಗೆ ಹೊರಗೆ ಏನಾಯಿತು ಅಂತ ಗೊತ್ತೇ ಇಲ್ಲ. ಹೊರಗಿನಿಂದ ಬಂದದ್ದು ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ಎಂದು ಹೇಳುವ ಎಕ್ಸ್-ಫಾರ್ವರ್ಡೆಡ್-ಪ್ರೋಟೊ ಹೆಡರ್ ಅನ್ನು ಎಂಜಿನ್‌ಎಕ್ಸ್ ಕಡೆಯಿಂದ ಕಳಿಸಿ, ಜ್ಯಾಂಗೋದ ಸೆಕ್ಯೂರ್ ಪ್ರಾಕ್ಸಿ ಎಸ್‌ಎಸ್‌ಎಲ್ ಹೆಡರ್ ಸೆಟ್ಟಿಂಗ್‌ನಲ್ಲಿ ಅದನ್ನು ನಂಬಲು ಹೇಳಿ. ಒಂದು ಷರತ್ತು: ಹೊರಗಿನಿಂದ ಯಾರಾದರೂ ಅದೇ ಹೆಡರ್ ತಾವೇ ಹಾಕಿ ಕಳಿಸಿದರೆ ಎಂಜಿನ್‌ಎಕ್ಸ್ ಅದನ್ನು ಅಳಿಸಿ ತನ್ನದನ್ನು ಬರೆಯಬೇಕು. ಇಲ್ಲದಿದ್ದರೆ ಹೊಸ ತೂತು ಮಾಡಿಕೊಂಡ ಹಾಗೆ.

ಈ ಸೆಟ್ಟಿಂಗ್ ಇಲ್ಲದೆ ಜ್ಯಾಂಗೋದ ಎಸ್‌ಎಸ್‌ಎಲ್ ರೀಡೈರೆಕ್ಟ್ ಆನ್ ಮಾಡಿದವರಿಗೆ 'ಟೂ ಮೆನಿ ರೀಡೈರೆಕ್ಟ್ಸ್' ಎಂಬ ಪುಟ ಕಂಡಿರುತ್ತದೆ. ಕಾರಣ ಇದೇ, ಬಂದದ್ದೆಲ್ಲ ಎಚ್‌ಟಿಟಿಪಿ ಎಂದೇ ತಿಳಿದು ಜ್ಯಾಂಗೋ ಮತ್ತೆ ಮತ್ತೆ ರೀಡೈರೆಕ್ಟ್ ಮಾಡುತ್ತದೆ. ತುಂಬಾ ಜನ ಆಗ ಗಾಬರಿಯಾಗಿ ಸೆಕ್ಯುರಿಟಿ ಸೆಟ್ಟಿಂಗ್‌ಗಳನ್ನೆಲ್ಲ ಒಟ್ಟಿಗೆ ಆಫ್ ಮಾಡುತ್ತಾರೆ. ಆಮೇಲೆ ಮರೆತೇಬಿಡುತ್ತಾರೆ.

ಜ್ಯಾಂಗೋದಲ್ಲಿ ಎಚ್‌ಎಸ್‌ಟಿಎಸ್ ಸೆಕೆಂಡ್‌ಗಳ ಡೀಫಾಲ್ಟ್ 0. ಬೇಕೆಂದೇ ಹಾಗಿಟ್ಟಿದ್ದಾರೆ, ತಪ್ಪಾಗಿ ಹಾಕಿದರೆ ಸೈಟ್ ತಿಂಗಳುಗಟ್ಟಲೆ ಕೈಕೊಡಬಹುದು ಎಂದು. ಬೇರೆ ಫ್ರೇಮ್‌ವರ್ಕ್‌ಗಳಲ್ಲಿ ನೋಡಿದರೆ, ರೈಲ್ಸ್‌ನಲ್ಲಿ ಫೋರ್ಸ್ ಎಸ್‌ಎಸ್‌ಎಲ್ ಆನ್ ಮಾಡಿದರೆ ಎಚ್‌ಎಸ್‌ಟಿಎಸ್ ಜೊತೆಗೇ ಬರುತ್ತದೆ. ಸ್ಪ್ರಿಂಗ್ ಸೆಕ್ಯುರಿಟಿ ತಾನಾಗಿಯೇ ಹಾಕುತ್ತದೆ, ಆದರೆ ಎಂಜಿನ್‌ಎಕ್ಸ್‌ನಂಥ ಪ್ರಾಕ್ಸಿ ಹಿಂದೆ ಕೂತರೆ ಅದಕ್ಕೂ ಇದೇ ಕಾಯಿಲೆ. ಎಕ್ಸ್‌ಪ್ರೆಸ್ ತಾನಾಗಿ ಏನೂ ಹಾಕುವುದಿಲ್ಲ, ಹೆಲ್ಮೆಟ್ ಪ್ಯಾಕೇಜ್ ಸೇರಿಸಬೇಕು.

ಜ್ಯಾಂಗೋದ ಡಿಪ್ಲಾಯ್ ಚೆಕ್ ಓಡಿಸಿದೆ, ಎಚ್ಚರಿಕೆ ಬರಲಿಲ್ಲ ಎಂದು ಸಮಾಧಾನ ಪಡಬೇಡಿ. ಅದು ಸೆಟ್ಟಿಂಗ್ಸ್ ಓದುತ್ತದೆ ಅಷ್ಟೇ. ಹೊರಬಾಗಿಲಲ್ಲಿ ಏನು ಹೋಗುತ್ತಿದೆ ಅಂತ ನೋಡುವುದಿಲ್ಲ. ಆಫೀಸ್ ನೆಟ್‌ವರ್ಕ್ ಬಿಟ್ಟು ಫೋನಿನ ಹಾಟ್‌ಸ್ಪಾಟ್‌ನಿಂದ ಕರ್ಲ್ ಎಂಬ ಕಮಾಂಡ್ ಓಡಿಸಿ ಹೆಡರ್‌ಗಳನ್ನು ಕಣ್ಣಾರೆ ನೋಡಿ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ಹೆಸರು, ಇಲ್ಲದ ಹೆಸರು ಎರಡನ್ನೂ ಬೇರೆ ಬೇರೆಯಾಗಿ ನೋಡಿ. ತುಂಬಾ ಕಡೆ ಬರೀ ಹೆಸರಿಗೆ ಬಂದವರನ್ನು ಎಚ್‌ಟಿಟಿಪಿಯಿಂದ ನೇರವಾಗಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ಎಚ್‌ಟಿಟಿಪಿಎಸ್‌ಗೆ ಎಸೆಯುತ್ತಾರೆ. ಹೆಡರ್ ಬರುವುದು ಅಲ್ಲಿ ಮಾತ್ರ. ಬರೀ ಹೆಸರಿನ ಮೇಲೆ ಬ್ರೌಸರ್ ಅದನ್ನು ಯಾವತ್ತೂ ಕಾಣುವುದಿಲ್ಲ. ಜನ ಟೈಪ್ ಮಾಡುವುದು, ಎಸ್‌ಎಂಎಸ್‌ನಲ್ಲಿ ಇರುವುದು ಮಾತ್ರ ಆ ಬರೀ ಹೆಸರೇ! ಮೊದಲು ಅದೇ ಹೆಸರಿನ ಎಚ್‌ಟಿಟಿಪಿಎಸ್‌ಗೆ ಕಳಿಸಿ, ಅಲ್ಲಿ ಹೆಡರ್ ಕೊಟ್ಟು, ಆಮೇಲೆ ಎಲ್ಲಿಗೆ ಬೇಕೋ ಅಲ್ಲಿಗೆ ಕಳಿಸಿ.

ಜ್ಯಾಂಗೋ ಬಿಟ್ಟು ಎಂಜಿನ್‌ಎಕ್ಸ್‌ನಲ್ಲೇ ಹೆಡರ್ ಹಾಕುತ್ತೇನೆ ಅಂದರೂ ಸರಿ. ಆದರೆ ಅಲ್ಲಿ ಒಂದು ಲೊಕೇಶನ್ ಬ್ಲಾಕ್‌ನೊಳಗೆ ಬೇರೆ ಯಾವುದೋ ಆ್ಯಡ್-ಹೆಡರ್ ಸಾಲು ಬರೆದಿದ್ದರೆ, ಮೇಲಿನ ಬ್ಲಾಕ್‌ನ ಸಾಲುಗಳು ಆ ಲೊಕೇಶನ್‌ಗೆ ಮಾಮೂಲಾಗಿ ಇಳಿಯುವುದಿಲ್ಲ. 'ಆಲ್ವೇಸ್' ಎಂದು ಸೇರಿಸದಿದ್ದರೆ 404, 500 ಪುಟಗಳಲ್ಲಿ ಹೆಡರ್ ಬರುವುದಿಲ್ಲ. ಎರಡೂ ಕಡೆ ಹಾಕಬೇಡಿ. ಎರಡು ಬಂದರೆ ಬ್ರೌಸರ್ ಮೊದಲನೆಯದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಮುಂದೆ ಯಾವುದನ್ನು ಬದಲಿಸಿದರೆ ಏನಾಗುತ್ತದೆ ಅಂತ ನಿಮಗೇ ಗೊಂದಲ.

ಮೊದಲು 300 ಸೆಕೆಂಡ್ ಇಟ್ಟು ನೋಡಿ. ಎಲ್ಲ ಸರಿ ಅನ್ನಿಸಿದರೆ ಒಂದು ವಾರ, ಒಂದು ತಿಂಗಳು, ಆಮೇಲೆ ಒಂದು ವರ್ಷ, ಅಂದರೆ 31536000. ಹಾಗೆಯೇ ಸೆಷನ್ ಕುಕಿ, ಸಿಎಸ್‌ಆರ್‌ಎಫ್ (ನಕಲಿ ರಿಕ್ವೆಸ್ಟ್ ತಡೆಯುವ) ಕುಕಿಗಳನ್ನು ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಕಳಿಸುವ ಸೆಕ್ಯೂರ್ ಆಯ್ಕೆಯನ್ನೂ ಆನ್ ಮಾಡಿ. ಜ್ಯಾಂಗೋದಲ್ಲಿ ಅವೂ ಡೀಫಾಲ್ಟ್ ಆಗಿ ಆಫ್ ಇರುತ್ತವೆ.

ಪ್ರಶ್ನೆ: ಮಲ್ಲೇಶ್ವರದಲ್ಲಿ ನಮ್ಮದು ಸೀರೆ ಅಂಗಡಿ. ಆನ್‌ಲೈನ್ ಆರ್ಡರ್‌ಗೆ ಒಂದು ಸೈಟ್ ಮಾಡಿಸಿದ್ದೇನೆ. ಈ ಹೆಡರ್ ಬಗ್ಗೆ ಮಗಳು ಕೇಳಿದಳು. ಸೈಟ್ ಮಾಡಿಕೊಟ್ಟ ಹುಡುಗ 'ಬೀಗದ ಗುರುತು ಬರುತ್ತಲ್ಲ ಮೇಡಂ, ಸಾಕು' ಅನ್ನುತ್ತಾನೆ. ಸಾಕೇ?

ಉತ್ತರ: ಸಾಲದು ಮೇಡಂ, ಆದರೆ ನಿದ್ದೆ ಕೆಡಿಸಿಕೊಳ್ಳುವಂಥದ್ದೂ ಅಲ್ಲ. ಈಗಿನ ವ್ಯವಸ್ಥೆ ಹೇಗಿದೆ ಅಂದರೆ, ಅಂಗಡಿ ಬೇರೆ ಬೀದಿಗೆ ಹೋಗಿದೆ ಎಂದು ಹಳೆ ಬಾಗಿಲಿಗೆ ಬೋರ್ಡ್ ತಗುಲಿಸಿದ ಹಾಗೆ. ರಾತ್ರಿ ಯಾರಾದರೂ ಬೋರ್ಡ್ ಬದಲಿಸಿ ತಮ್ಮ ವಿಳಾಸ ಬರೆದರೆ ಗಿರಾಕಿಗೆ ಗೊತ್ತಾಗುವುದಿಲ್ಲ. ಬೀಗದ ಗುರುತು ಹೊಸ ಅಂಗಡಿ ತಲುಪಿದವರಿಗೆ ಮಾತ್ರ ಕಾಣುತ್ತದೆ. ದಾರಿ ತಪ್ಪಿದವರಿಗೆ ಕಾಣುವುದಿಲ್ಲ. ಬೀಗ ಇಲ್ಲ ಅಂತ ಎಷ್ಟು ಜನ ಗಮನಿಸುತ್ತಾರೆ ಹೇಳಿ?

ಪೇಮೆಂಟ್ ನಿಮ್ಮ ಸೈಟಿನಲ್ಲಿ ಆಗದೆ ಗೇಟ್‌ವೇ ಪುಟದಲ್ಲಿ ಆಗುತ್ತಿದ್ದರೂ, ಅಲ್ಲಿಗೆ ಕಳಿಸುವ ಬಟನ್ ನಿಮ್ಮ ಪುಟದಲ್ಲೇ ಇದೆ. ನಡುವಿನವನು ಆ ಬಟನ್ ಬದಲಿಸಬಲ್ಲ. ಹುಡುಗನಿಗೆ ಇಷ್ಟು ಹೇಳಿ: 'ಸ್ಟ್ರಿಕ್ಟ್-ಟ್ರಾನ್ಸ್‌ಪೋರ್ಟ್-ಸೆಕ್ಯುರಿಟಿ ಹೆಡರ್ ಹಾಕು, ಚಿಕ್ಕ ಅವಧಿಯಿಂದ ಶುರು ಮಾಡು.' ಅರ್ಧ ದಿನದ ಕೆಲಸವೂ ಅಲ್ಲ. ಅದಕ್ಕೆ ದೊಡ್ಡ ಬಿಲ್ ಕೊಟ್ಟರೆ ಬೇರೆಯವರನ್ನು ಕೇಳಿ.

ಪ್ರಶ್ನೆ: ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಐಟಿ ನೋಡಿಕೊಳ್ಳುತ್ತೇನೆ. ಸೈಟ್‌ಗೆ ಎಚ್‌ಎಸ್‌ಟಿಎಸ್ ಹಾಕುವಾಗ ಇನ್‌ಕ್ಲೂಡ್-ಸಬ್‌ಡೊಮೇನ್ಸ್ (ಸೈಟ್‌ನ ಕೆಳಗಿನ ಹೆಸರುಗಳಿಗೂ ಅದೇ ನಿಯಮ) ಕೂಡ ಸೇರಿಸಿ ಒಂದು ವರ್ಷ ಇಟ್ಟೆ. ಎಚ್‌ಟಿಟಿಪಿಎಸ್ ಕಡ್ಡಾಯವಾದ ಸೈಟ್‌ಗಳ ಪ್ರೀಲೋಡ್ ಪಟ್ಟಿಗೂ ಅರ್ಜಿ ಹಾಕಿದೆ. ಈಗ ಒಳಗಿನ ಅಟೆಂಡೆನ್ಸ್ ಮೆಷಿನ್ ಪುಟ ಯಾರಿಗೂ ತೆರೆಯುತ್ತಿಲ್ಲ. ಹೆಡರ್ ತೆಗೆದರೂ ಹಾಗೇ ಇದೆ. ಸಂಬಳದ ಲೆಕ್ಕ ನಿಂತಿದೆ, ಬೇಗ ಹೇಳಿ ಸರ್.

ಉತ್ತರ: ಇವತ್ತಿನ ಮಟ್ಟಿಗೆ ಮೆಷಿನ್‌ನ ಐಪಿ ವಿಳಾಸ ಹಾಕಿ ತೆರೆಯಿರಿ. ಎಚ್‌ಎಸ್‌ಟಿಎಸ್ ಹೆಸರುಗಳಿಗೆ ಮಾತ್ರ ಲಾಗು, ಐಪಿಗೆ ಅಲ್ಲ. ಸಂಬಳ ಆಗಲಿ.

ಹೆಡರ್ ತೆಗೆದರೆ ಬ್ರೌಸರ್ ಮರೆಯುವುದಿಲ್ಲ. ನೀವೇ ಒಂದು ವರ್ಷ ನೆನಪಿಟ್ಟುಕೋ ಅಂದಿದ್ದೀರಲ್ಲ. ಮ್ಯಾಕ್ಸ್-ಏಜ್ 0 ಎಂದು ಎಚ್‌ಟಿಟಿಪಿಎಸ್ ಮೇಲೆ ಕಳಿಸಿದರೆ, ಮುಖ್ಯ ಸೈಟ್‌ಗೆ ಮತ್ತೆ ಬಂದ ಬ್ರೌಸರ್‌ಗಳು ಒಂದೊಂದಾಗಿ ಮರೆಯುತ್ತವೆ. ಆದರೆ ಅದನ್ನು ಮಾಡಬೇಡಿ ಎಂದೇ ನನ್ನ ಸಲಹೆ. ಮುಖ್ಯ ಸೈಟ್‌ನ ರಕ್ಷಣೆಯೂ ಹೋಗುತ್ತದೆ. ಒಂದು ವರ್ಷದ ಅವಧಿ ಹಾಗೇ ಇಟ್ಟು, ಇನ್‌ಕ್ಲೂಡ್-ಸಬ್‌ಡೊಮೇನ್ಸ್ ಮತ್ತು ಪ್ರೀಲೋಡ್ ಎಂಬ ಎರಡು ಪದ ಮಾತ್ರ ತೆಗೆದು ಹೆಡರ್ ವಾಪಸ್ ಹಾಕಿ. ಮುಖ್ಯ ಸೈಟ್ ಮತ್ತೆ ತೆರೆದ ಬ್ರೌಸರ್‌ಗಳು ಹೊಸ ನಿಯಮ ಹಿಡಿಯುತ್ತವೆ. ಆಫೀಸಿನ ಕಂಪ್ಯೂಟರ್‌ಗಳಲ್ಲಿ ಒಮ್ಮೆ ತೆರೆದರೆ ಸಾಕು.

ಪ್ರೀಲೋಡ್ ಮಾತ್ರ ಬೇರೆ ಕತೆ. ಆ ಪಟ್ಟಿ ಬ್ರೌಸರ್ ಒಳಗೇ ಕೂತು ಬರುತ್ತದೆ. ಕ್ರೋಮ್ ತಂಡ ನೋಡಿಕೊಳ್ಳುವ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಫೈರ್‌ಫಾಕ್ಸ್, ಸಫಾರಿ, ಎಡ್ಜ್‌ಗಳೂ ತಮ್ಮದನ್ನು ಮಾಡಿಕೊಳ್ಳುತ್ತವೆ. ಅರ್ಜಿ ಹಾಕಿದ ಸೈಟ್‌ನಲ್ಲೇ ನಿಮ್ಮ ಸ್ಥಿತಿ ನೋಡಿ, ಪದ ತೆಗೆದ ಮೇಲೆ ಅಲ್ಲೇ ತೆಗೆಸುವ ಅರ್ಜಿಯೂ ಹಾಕಿ. ಈಗಾಗಲೇ ಪಟ್ಟಿಗೆ ಸೇರಿದ್ದರೆ, ತೆಗೆದದ್ದು ಎಲ್ಲರ ಫೋನ್, ಕಂಪ್ಯೂಟರ್ ತಲುಪಲು ತಿಂಗಳುಗಳೇ ಬೇಕು.

ಅಷ್ಟು ಕಾಯುವ ಬದಲು ಆ ಅಟೆಂಡೆನ್ಸ್ ಪುಟಕ್ಕೇ ಎಚ್‌ಟಿಟಿಪಿಎಸ್ ಕೊಡುವುದು ಒಳ್ಳೆಯದು. ಹಳೆ ಮೆಷಿನ್ ಸರ್ಟಿಫಿಕೇಟ್ ಹಾಕಲು ಬಿಡದಿದ್ದರೆ ಅದರ ಮುಂದೆ ಒಂದು ಎಂಜಿನ್‌ಎಕ್ಸ್ ಕೂರಿಸಿ. ಇಂಟರ್ನೆಟ್‌ಗೆ ತೆರೆಯದ ಮೆಷಿನ್‌ಗೂ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ಸಿಗುತ್ತದೆ, ಡಿಎನ್‌ಎಸ್ ವಿಧಾನದಲ್ಲಿ ಹೆಸರು ನಿಮ್ಮದೇ ಅಂತ ತೋರಿಸಿದರೆ ಆಯಿತು. ರಿನ್ಯೂವಲ್ ಆಟೋಮ್ಯಾಟಿಕ್ ಮಾಡಿ, ಫೇಲ್ ಆದರೆ ನಿಮ್ಮ ಫೋನಿಗೆ ಅಲರ್ಟ್ ಬರುವ ಹಾಗೆ ಇಡಿ. ಎಚ್‌ಎಸ್‌ಟಿಎಸ್ ಇರುವ ಹೆಸರಿನಲ್ಲಿ ಸರ್ಟಿಫಿಕೇಟ್ ಅವಧಿ ಮುಗಿದರೆ 'ಪರವಾಗಿಲ್ಲ, ಮುಂದೆ ಹೋಗು' ಎಂಬ ಬಟನ್ ಕೂಡ ಬ್ರೌಸರ್ ಕೊಡುವುದಿಲ್ಲ.